ಫ್ಲೆಕ್ಸಿನಲ್ಲಿ ಉಳಿದ ಕೈ

ಕೊಟ್ಟೂರು
ನವೆಂಬರ್ 20, ಗುರುವಾರ ರಾತ್ರಿ

ನನ್ನ ಸುಕ್ಕಿಗೆ,

ಮೊದಲು ನೂರೊಂದು ಬೈಗುಳ, ಜಾಗ ಉಳಿದರೆ ಪ್ರೀತಿ. ಓಡಿಹೋಗುವವಳು ನಿನ್ನ ಬಟ್ಟೆ ಹಾಕಿಕೊಂಡು ಓಡಬೇಕಿತ್ತು. ನಾನು ನನಗೆಂದು ಹೊಲಿದಿಟ್ಟಿದ್ದ ಹಳದಿ ಚೂಡಿದಾರ ಏನು ಪಾಪ ಮಾಡಿತ್ತು? ಆ ಜಗಳ ಎದುರಾಬದುರು ಕೂತು ಆಡೋಣ. ಈಗ ಒಂದೇ ಮಾತು. ನೀನು ಯಾವುದನ್ನೂ ಪೂರ್ತಿ ಓದುವವಳಲ್ಲ, ಅದಕ್ಕೆ ಮೊದಲೇ ಬರೆದುಬಿಡುತ್ತೇನೆ. ಭಾನುವಾರ ಮಾಗಳಕ್ಕೆ ಬರಬೇಡ. ನಿನ್ನ ಹುಲುಗೇಶನನ್ನೂ ಬರಗೊಡಬೇಡ. ಇಬ್ಬರೂ ದೋಣಿ ಹತ್ತಬೇಡಿ, ಹೊಳೆಯ ಆಚೆ ದಂಡೆಯಲ್ಲೇ ಇರಿ.

‘ನೀನೇ ಕರದೀಯಲ್ಲಲೇ’ ಅಂತ ನೀನು ಕೇಳುವುದು ನನಗೆ ಇಲ್ಲಿಗೇ ಕೇಳಿಸುತ್ತಿದೆ. ಹೌದು, ಕರೆದೆ. ನಮ್ಮ ಬ್ಯಾಂಡಿನ ಪೇಜಿನಿಂದ ನಿನಗೆ ಬಂದ ಆ ವಾಯ್ಸ್ ಮೆಸೇಜಿನಲ್ಲಿ ‘ಸುಕ್ಕಿ, ಮಾಗಳಕ್ಕ ಬಾ, ನಿಮ್ಮವ್ವ ಮುಂದಿನ ಕುರ್ಚ್ಯಾಗ ಕುಂತಿರ್ತಾಳ’ ಎಂದಿದ್ದು ನನ್ನದೇ ಗಂಟಲು. ನನ್ನ ಹೊಲಿಗೆ ಅಂಗಡಿಯಲ್ಲಿ, ಮಷಿನ್ ನಿಲ್ಲಿಸಿ, ಅಣ್ಣ ಫೋನ್ ಹಿಡಿದಿದ್ದ, ನಾನು ಹೇಳಿದೆ. ಖುಷಿಯಿಂದಲೇ ಹೇಳಿದೆ. ‘ಬರ್ತೀನಿ’ ಎಂದು ನೀನು ಉತ್ತರ ಹಾಕಿದಾಗ ಅಂಗಡಿಯಲ್ಲಿದ್ದವರಿಗೆಲ್ಲ ಪೇಡೆ ಹಂಚಿದೆ.

ಫೋನಿನಲ್ಲಿ ಇದನ್ನೆಲ್ಲ ಹೇಳುವಂತಿಲ್ಲ. ಪೇಜು, ಗ್ರೂಪು ಎಲ್ಲ ಅಣ್ಣನ ಫೋನಿನಲ್ಲಿವೆ. ಆ ಫೋನು ಈಗ ಸಂತೆಯ ಫೋನು, ಯಾರು ಬೇಕಾದರೂ ಇಸಿದುಕೊಂಡು ನೋಡುತ್ತಾರೆ. ನಿನ್ನ ಹಳೆಯ ನಂಬರ್ ಸತ್ತಿದೆ, ಹೊಸದು ನನ್ನಲ್ಲಿಲ್ಲ. ಅದಕ್ಕೇ ಈ ಕಾಗದ. ತರುವವಳು ಬಳೆ ಲಕ್ಷ್ಮಿದೇವಕ್ಕ. ಶುಕ್ರವಾರದ ಸಂತೆಗೆ ಅವಳು ನಿಮ್ಮ ದಂಡೆಗೆ ಬರುತ್ತಾಳೆ. ನಿನ್ನನ್ನು ಅಲ್ಲಿ ಕಂಡದ್ದನ್ನು ಅವಳು ಹೇಳಿದ್ದು ನನಗೊಬ್ಬಳಿಗೇ. ನಾನು ಯಾರಿಗೂ ಹೇಳಿಲ್ಲ. ಅಣ್ಣ ಎರಡು ಸಲ ಕೇಳಿದ, ‘ಸುಕನ್ಯಾ ಯಾವ ಊರಾಗ ಅದಾಳ, ನಿನಗ ಗೊತ್ತಿರಬೇಕು’ ಎಂದು. ಗೊತ್ತಿಲ್ಲ ಎಂದೆ. ಯಾಕೆ ಹಾಗೆಂದೆನೋ ನನಗೇ ತಿಳಿಯದು. ಅಣ್ಣನ ಹತ್ತಿರ ಸುಳ್ಳು ಹೇಳಿ ನನಗೆ ಅಭ್ಯಾಸವಿಲ್ಲ.

ನೀವಿಬ್ಬರೂ ಹೋದ ಮೇಲೆ ನಮ್ಮ ‘ಹಗರಿ ಮೆಲೋಡೀಸ್’ ಏನಾಯಿತು ಎಂಬುದು ನಿನಗೆ ಗೊತ್ತಿಲ್ಲ, ಕೇಳು. ಹಾಡುವವಳು ನೀನು, ಪ್ಯಾಡ್ ಬಾರಿಸುವವನು ಹುಲುಗೇಶ, ಇಬ್ಬರೂ ಒಂದೇ ದಿನ ಮಾಯ. ಉಳಿದವರು ಕೀಬೋರ್ಡಿನ ಪ್ರವೀಣಕುಮಾರ, ಅಣ್ಣ ಬೀರಲಿಂಗೇಶ, ಕೋರಸ್ಸಿಗೆ ನಾನು. ಆದರೂ ಅಣ್ಣ ಗುರುವಾರದ ಪದ್ಧತಿ ಬಿಡಲಿಲ್ಲ. ನೆನಪಿದೆಯಲ್ಲ? ಹಗರಿಬೊಮ್ಮನಹಳ್ಳಿಯ ಬಸವೇಶನ ಫ್ಲೆಕ್ಸ್ ಅಂಗಡಿಗೆ ಹೋಗಿ, ಚಹಾ ತರಿಸಿ ಕೊಟ್ಟು, ಮಷಿನ್ನಿನಲ್ಲಿ ಏನೇನು ಪ್ರಿಂಟಾಗುತ್ತಿದೆ ಎಂದು ನೋಡುವುದು. ಕೂಡ್ಲಿಗಿಯಲ್ಲಿ ಕೂಸಿನ ನಾಮಕರಣ, ಹಡಗಲಿಯಲ್ಲಿ ಮೊಬೈಲ್ ಅಂಗಡಿಯ ಆರಂಭ, ಹರಪನಹಳ್ಳಿಯಲ್ಲಿ ಮೇಷ್ಟ್ರ ನಿವೃತ್ತಿ, ಐದು ತಾಲೂಕಿನ ಸುಖದುಃಖ ಮೊದಲು ಬಸವೇಶನ ಮಷಿನ್ನಿಗೆ ಬರಬೇಕು, ಆಮೇಲೆ ಊರಿಗೆ. ಫ್ಲೆಕ್ಸ್ ಆರುವುದರೊಳಗೆ ಅಣ್ಣ ಅವರ ಮನೆಯ ಕಟ್ಟೆಯ ಮೇಲೆ ಕೂತಿರುತ್ತಿದ್ದ. ‘ಇಷ್ಟು ದೊಡ್ಡ ಫೋಟೋ ಹಾಕ್ಸೀರಿ, ಆದ್ರ ಫೋಟೋ ಹಾಡಂಗಿಲ್ಲಲ್ರಿ ಯಜಮಾನ್ರ’ ಎನ್ನುವ ಅವನ ಮಾತಿಗೆ ಎಷ್ಟು ಜನ ಬಿದ್ದರು! ಎಲ್ಲಿ ಕೂಸು ಅಳುತ್ತದೋ ಅಲ್ಲಿ ನಮ್ಮ ಮೇಳ ಎಂದು ನೀನು ಆಡಿಕೊಳ್ಳುತ್ತಿದ್ದೆ.

ನೀನು ಹೋದ ಮೇಲೂ ಕಾರ್ಯಕ್ರಮ ಹೇಗೋ ಸಿಕ್ಕವು, ಕೇಳುವವರು ಸಿಗಲಿಲ್ಲ. ನಿನ್ನ ಜಾಗದಲ್ಲಿ ನಾನು ನಿಂತೆ. ಕೋಗಿಲೆ ಹಾರಿಹೋದ ಕೊಂಬೆಯಲ್ಲಿ ಕೋಳಿ ಕೂತಂತೆ. ಕೂಡ್ಲಿಗಿಯ ಒಂದು ನಾಮಕರಣದಲ್ಲಿ ಎಲೆ ಹಾಕಿದರು ಎಂಬ ಸುದ್ದಿ ಬಂದದ್ದೇ ತಡ, ಶಾಮಿಯಾನ ಖಾಲಿ. ಉಳಿದವನು ಶಾಮಿಯಾನದವನೊಬ್ಬನೇ. ಅವನೂ ಹಾಡಿಗೆ ಕೂತಿರಲಿಲ್ಲ, ಕುರ್ಚಿ ಮಡಚಲು ಕಾಯುತ್ತಿದ್ದ. ಅವತ್ತು ಬರುವಾಗ ಅಣ್ಣ ಒಂದೇ ಮಾತಾಡಿದ: ‘ಜನಾ ಬೇಕು ಭೂಮಿ. ಜನಾ ಇಲ್ಲದ ಸ್ಟೇಜು ಮಸಣ.’ ಅವನ ಮುಖ ನೋಡಿ ನನಗೆ ನಿನ್ನ ಮೇಲೆ ನಿಜಕ್ಕೂ ಸಿಟ್ಟು ಬಂತು. ಸುಳ್ಳು ಯಾಕೆ ಹೇಳಲಿ.

ಶ್ರಾವಣ ಮುಗಿದ ಮೇಲೆ ನಿಮ್ಮ ದೊಡ್ಡಪ್ಪ ಹಾಲೇಶಪ್ಪ ನಮ್ಮ ಮನೆಗೆ ಬಂದರು. ನಾವು ನಡುಗಿಹೋದೆವು. ನೀನು ಜಾತಿ ಬಿಟ್ಟು ಹುಲುಗೇಶನ ಕೈ ಹಿಡಿದಾಗ ಇದೇ ಮನುಷ್ಯ ನಮ್ಮ ಸ್ಪೀಕರನ್ನು ಕಾಲಿನಿಂದ ಒದ್ದು ಹೋಗಿದ್ದರಲ್ಲ. ಆದರೆ ಈ ಸಲ ಕೂತರು, ನೀರು ಕುಡಿದರು. ‘ಹುಡುಗಿ ಹೋದ್ಲು, ಹೋಗ್ಲಿ. ನಿಮ್ಮ ಮ್ಯಾಳ ಯಾಕ ಸಾಯಬೇಕು? ಶೇಂಗಾ ವ್ಯಾಪಾರದಾಗ ಐದೂ ತಾಲೂಕಿನಾಗ ನನ್ನ ಮಾತು ನಡೀತೈತಿ. ಕಾರ್ಯಕ್ರಮ ನಾ ಕೊಡಸ್ತೀನಿ, ಜನಾನೂ ನಾ ತರಸ್ತೀನಿ’ ಎಂದರು. ಅಣ್ಣ ಅವರ ಕಾಲು ಮುಟ್ಟಿದ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರ ಪೈಕಿ ನಾವೂ ಸೇರಿದೆವು.

ಜನ ಬಂದರು ಸುಕ್ಕಿ. ಹರಪನಹಳ್ಳಿಯ ಬಟ್ಟೆ ಅಂಗಡಿಯ ಆರಂಭಕ್ಕೆ ರಸ್ತೆ ತುಂಬ ಜನ. ಹೊಸಹಳ್ಳಿಯ ಕ್ರಿಕೆಟ್ ಫೈನಲ್ಲಿಗೆ ಟ್ರ್ಯಾಕ್ಟರಿನಲ್ಲಿ ಹೆಂಗಸರು ಬಂದಿಳಿದರು. ನನ್ನಂಥವಳಿಗೂ ಒನ್ಸ್ ಮೋರ್ ಎಂದರು, ನಂಬು. ಹಾಲೇಶಪ್ಪನವರು ಕೇಳಿದ್ದು ಎರಡೇ. ಪ್ರತಿ ಕಾರ್ಯಕ್ರಮದಲ್ಲೂ ನೀನು ಕಟ್ಟಿದ ‘ಒರತೆ’ ಹಾಡು ಹಾಡಬೇಕು. ಪ್ರತಿ ಕಾರ್ಯಕ್ರಮವೂ ಪೇಜಿನಲ್ಲಿ ಲೈವ್ ಹೋಗಬೇಕು. ‘ಆಕಿ ಅವ್ವ ಮನ್ಯಾಗ ಫೋನ್ ಹಿಡಕೊಂಡು ಕುಂತಿರ್ತಾಳಪ್ಪ, ಮಗಳ ಹಾಡರ ಕೇಳ್ಲಿ’ ಎಂದರು. ನನಗೆ ಕಣ್ಣಲ್ಲಿ ನೀರು ಬಂತು. ಎಂಥ ಒಳ್ಳೆ ಮನಸ್ಸು ಎಂದುಕೊಂಡೆ, ಥೂ ನನ್ನ.

ಹೊಸಹಳ್ಳಿಯಲ್ಲೇ ಒಂದು ಸಂಗತಿ ಕಣ್ಣಿಗೆ ಬಿದ್ದಿತ್ತು. ಮುಂದಿನ ಸಾಲಿನಲ್ಲಿ ಹಾಲೇಶಪ್ಪನವರ ಕಡೆಯ ಇಬ್ಬರು ಕೂತಿದ್ದರು. ಕುರ್ಚಿ ತಿರುಗಿಸಿಕೊಂಡು, ವೇದಿಕೆಗೆ ಬೆನ್ನು ಹಾಕಿ. ನಾನು ಹಾಡುವಷ್ಟು ಹೊತ್ತೂ ಅವರು ಹೆಂಗಸರು ಕೂತ ಕಡೆ ಒಂದೊಂದೇ ಮುಖ ನೋಡುತ್ತಿದ್ದರು. ಸೆರಗು ಹೊದ್ದವರನ್ನು ಎದ್ದು ಹೋಗಿ ನೋಡಿ ಬಂದರು. ಅಣ್ಣನನ್ನು ಕೇಳಿದರೆ ‘ಬಂದೋಬಸ್ತಿಗೆ ಬಂದಾರ, ನೀ ಶ್ರುತಿ ನೋಡ್ಕ’ ಎಂದ. ಶ್ರುತಿ ನೋಡಿಕೊಂಡೆ. ಹಂಪಸಾಗರದಲ್ಲೂ ಅವರೇ ಇಬ್ಬರು, ಅದೇ ಬೆನ್ನು.

ಹಂಪಸಾಗರದಲ್ಲಿ ನಾನು ನಿನ್ನ ಹಾಡಿನ ಎರಡನೇ ಚರಣ ಕೆಡಿಸಿದೆ. ‘ನೀರಿಲ್ಲದ ಹಗರಿಯಲ್ಲಿ ಒರತೆ ತೋಡಿ ಕಾದೆನು’ ಎನ್ನುವಲ್ಲಿ ‘ಮರಳ ತೋಡಿ’ ಎಂದುಬಿಟ್ಟೆ. ಹಾಡು ಮುಗಿಯುವುದರೊಳಗೆ ಲೈವಿನಲ್ಲಿ ಒಂದು ಕಾಮೆಂಟು. ಹೆಸರಿಲ್ಲ, ಫೋಟೋ ಜಾಗದಲ್ಲಿ ಮಲ್ಲಿಗೆ ಹೂವು. ‘ಮರಳಲ್ಲ ಕಣೇ, ಒರತೆ. ಎರಡನೇ ಚರಣದಲ್ಲಿ ಉಸಿರು ಹಿಡಿ.’ ಅಯ್ಯೋ ನನ್ನ ದಡ್ಡಿ, ಅರ್ಧ ವರ್ಷ ನೆರಳೂ ತೋರಿಸದೆ ಬದುಕಿದವಳು ಒಂದು ತಪ್ಪು ಮಾತು ಕೇಳಿ ತಡೆದುಕೊಳ್ಳಲಾರದೆ ಹೋದೆಯಾ! ಬೇರೆ ಯಾರಾದರೂ ತಡೆಯುತ್ತಿದ್ದರು. ಹಾಡುವವಳು ತಡೆಯಲಾರಳು. ಅದು ಹಾಲೇಶಪ್ಪನವರಿಗೆ ಗೊತ್ತಿತ್ತು. ಮುಂದೆ ಕೂತವನೊಬ್ಬ ಫೋನ್ ನೋಡಿ ನಕ್ಕ, ಎದ್ದು ಹೊರಗೆ ಹೋದ. ಮುಂದಿನ ಕಾರ್ಯಕ್ರಮಕ್ಕೆ ಮುಂಚೆ ಅಣ್ಣ ನನಗೆ ಹೇಳಿದ, ‘ಆ ಚರಣ ಈ ಸಲಾನೂ ತಪ್ಪೇ ಹಾಡು, ಜನಾ ನಗ್ತಾರ, ಕಾಮೆಂಟ್ ಬರ್ತಾವ.’ ನಾನು ತಮಾಷೆ ಎಂದುಕೊಂಡು ತಪ್ಪೇ ಹಾಡಿದೆ.

ಅದು ಹಡಗಲಿಯಲ್ಲಿ. ನೀನು ಮತ್ತೆ ತಿದ್ದಿದೆ. ಅದರ ಕೆಳಗೆ ನಿನ್ನ ಗಂಡ, ಬುದ್ಧಿವಂತ, ಅದೇ ಮಲ್ಲಿಗೆ ಹೂವಿನಿಂದ ಬರೆದ: ‘ಪ್ಯಾಡ್ ಸತ್ತೈತಿ, ಜೀವಾನ ಇಲ್ಲ. ಮಾಗಳಕ್ಕ ಬರ್ರಿ, ದೋಣಿ ಹತ್ತಿ ಬಂದು ಬಾರಿಸಿ ತೋರಿಸ್ತೀನಿ.’ ನಮಗೆಲ್ಲ ನಗು. ಪ್ರವೀಣಕುಮಾರ ಅದನ್ನು ಮೈಕಿನಲ್ಲೇ ಓದಿಬಿಟ್ಟ. ಮಾಗಳದ ಎದುರು ದಂಡೆ ಎಂದರೆ ಎಷ್ಟು ಊರು ಇದ್ದಾವು? ಕೈಬೆರಳಷ್ಟೂ ಇಲ್ಲ.

ಮರುದಿನವೇ ಅಣ್ಣ ಬಂದು ಹೇಳಿದ, ಮುಂದಿನ ಕಾರ್ಯಕ್ರಮ ಮಾಗಳದಲ್ಲಿ, ಹೊಳೆಯ ದಂಡೆಯಲ್ಲಿ ಎಂದು. ಏನು ಕಾರ್ಯಕ್ರಮ ಎಂದು ಕೇಳಿದೆ. ‘ಏನರ ಒಂದು ಹೆಸರಿಡು, ಸಂಗೀತ ಸಂಜೆ ಅಂತ’ ಎಂದ. ಇಷ್ಟು ವರ್ಷ ಹಾಡಿದ್ದೇವೆ, ಕೂಸಿಲ್ಲದೆ, ಮದುಮಗಳಿಲ್ಲದೆ, ಹೊಸ ಅಂಗಡಿಯಿಲ್ಲದೆ ನಮ್ಮನ್ನು ಯಾರಾದರೂ ಕರೆದಿದ್ದಾರೆಯೇ? ಮೊದಲು ಕಾರ್ಯಕ್ರಮ ಹುಟ್ಟಬೇಕು, ಆಮೇಲೆ ಮೇಳ. ಈ ಸಲ ಮೊದಲು ಮೇಳ, ಮೊದಲು ದಿನ, ಮೊದಲು ಹೊಳೆಯ ದಂಡೆ. ಕಾರಣ ಮಾತ್ರ ಇಲ್ಲ. ಆಗಲೇ ನನಗೆ ಎದೆಯಲ್ಲಿ ಏನೋ ಕುಟುಕಿತು. ಆದರೆ ಹಾಲೇಶಪ್ಪನವರು ಬಂದು, ‘ತಾಯಿ ಮಗಳನ್ನ ಕೂಡಿಸಬೇಕಂತ ಮಾಡೀವಿ. ಹುಡುಗಿ ಸ್ಟೇಜ್ ಮ್ಯಾಲೆ ಹಾಡ್ಲಿ, ಕೊಟ್ರಬಸಮ್ಮ ನೋಡ್ಲಿ, ಮನಸ್ಸು ಹಗುರಾಗ್ತೈತಿ’ ಎಂದಾಗ ಕುಟುಕಿದ್ದನ್ನು ಉಜ್ಜಿ ಹಾಕಿದೆ. ಆ ಮಲ್ಲಿಗೆ ಹೂವಿಗೆ ವಾಯ್ಸ್ ಮೆಸೇಜು ಹಾಕಿದ್ದು ಅವತ್ತೇ.

ಇವತ್ತು ಗುರುವಾರ. ಅಣ್ಣ ಮಾಗಳಕ್ಕೆ ಸ್ಟೇಜಿನ ಜಾಗ ನೋಡಲು ಹೋಗಿದ್ದರಿಂದ, ಸಂಗೀತ ಸಂಜೆಯ ಫ್ಲೆಕ್ಸ್ ಸರಿಯಿದೆಯೇ ಎಂದು ನೋಡಲು ನಾನು ಬಸವೇಶನ ಅಂಗಡಿಗೆ ಹೋದೆ. ಅದರಲ್ಲಿ ಹಾಡುವವಳು ನೀನೇ, ಅದಕ್ಕೆ ಅವನು ಕಂಪ್ಯೂಟರಿನಲ್ಲಿ ನಿನ್ನ ಹೆಸರು ಹಾಕಿ ಹುಡುಕಿದ. ನಿನ್ನ ಹೆಸರಿನಲ್ಲಿ ಎರಡು ಬಂದವು. ಅವನು ಒತ್ತಿದ್ದು ಇನ್ನೊಂದನ್ನು.

ಭಾವಪೂರ್ಣ ಶ್ರದ್ಧಾಂಜಲಿ, ಸುಕ್ಕಿ. ಎರಡು ಕಡೆ ದೀಪ, ಮೇಲೆ ಲಿಂಗದ ಚಿತ್ರ, ನಡುವೆ ನೀನು ಹಲ್ಲು ಬಿಟ್ಟು ನಗುತ್ತಿದ್ದೀಯ. ಕೆಳಗೆ ‘ಕುಮಾರಿ ಸುಕನ್ಯಾ’. ಕುಮಾರಿ ಎಂದೇ ಹಾಕಿಸಿದ್ದಾರೆ. ಜನನ ದಿನಾಂಕ ಇದೆ. ಮರಣ ಎಂದು ಬರೆದು ಮುಂದೆ ಖಾಲಿ ಬಿಟ್ಟಿದ್ದಾರೆ.

ಫೋಟೋ ಯಾವುದು ಗೊತ್ತೇ? ಹರಪನಹಳ್ಳಿ ಮೇಷ್ಟ್ರ ನಿವೃತ್ತಿಯ ದಿನ ನಾವಿಬ್ಬರೂ ತೆಗೆಸಿಕೊಂಡದ್ದು. ನನ್ನನ್ನು ಕತ್ತರಿಸಿ ಹಾಕಿದ್ದಾರೆ, ಆದರೆ ನಿನ್ನ ಹೆಗಲ ಮೇಲಿದ್ದ ನನ್ನ ಕೈ ಹಾಗೇ ಉಳಿದಿದೆ. ಲಕ್ಷ್ಮಿದೇವಕ್ಕ ತೊಡಿಸಿದ ಹಸಿರು ಬಳೆ, ಮಷಿನ್ ಸೂಜಿ ಹೊಕ್ಕು ಪಟ್ಟಿ ಸುತ್ತಿಕೊಂಡಿದ್ದ ಬೆರಳು. ನನ್ನ ಕೈಯನ್ನು ನಾನು ಗುರುತಿಸದಿರುತ್ತೇನೆಯೇ? ಆ ಪರದೆಯ ಮುಂದೆ ನಿಂತು ನನ್ನ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡೆ.

ಬಸವೇಶ ಪಾಪ, ಗಾಬರಿಯಾದ. ‘ಹಾಲೇಶಪ್ಪಾರ ಅಂಗಡಿಯಿಂದ ದೀಪಾವಳಿ ಮುಂದ ಮಾಡ್ಸ್ಯಾರಕ್ಕ. ಓಡಿಹೋದ ಮಕ್ಕಳಿಗೆ ಸಿಟ್ಟಿಗೆ ಮಾಡಸ್ತಾರಲ್ಲ, ಅಂಥಾದ್ದು. ನಾನೂ ಭಾಳ ಮಾಡೀನಿ’ ಎಂದ. ಅದು ನನಗೂ ಗೊತ್ತು. ಬದುಕಿದವರ ತಿಥಿ ಮಾಡಿ ಊಟ ಹಾಕಿದವರನ್ನು ನಮ್ಮ ಸೀಮೆಯಲ್ಲಿ ಕಂಡಿದ್ದೇವೆ. ಆದರೆ ಅವರೆಲ್ಲ ಮಗಳು ಮನೆ ಬಿಟ್ಟ ದಿನವನ್ನೇ ಮರಣದ ದಿನ ಎಂದು ಹಾಕಿಸುತ್ತಾರೆ. ಅವತ್ತೇ ನಮ್ಮ ಪಾಲಿಗೆ ಸತ್ತಳು ಎನ್ನುವುದೇ ಅದರ ಅರ್ಥ. ಹಾಗಾದರೆ ಇದರಲ್ಲಿ ದಿನ ಯಾಕೆ ಖಾಲಿ ಎಂದು ಕೇಳಿದೆ. ‘ಡೇಟ್ ಆಮ್ಯಾಲೆ ಹೇಳ್ತೀವಿ ಅಂದ್ರು. ಹೋದ ವಾರ ಡಿಲೀಟ್ ಮಾಡ್ಲೇನ್ರಿ ಅಂದೆ, ಇರ್ಲಿ ಇಟ್ಟಿರು ಅಂದ್ರು’ ಎಂದ. ಹೋದ ವಾರ! ತಾಯಿ ಮಗಳನ್ನು ಕೂಡಿಸುತ್ತೇವೆ ಎಂದು ನಮ್ಮ ಮನೆಯಲ್ಲಿ ಚಹಾ ಕುಡಿದದ್ದೂ ಹೋದ ವಾರ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವರಿಗೆ ನಾನು ಹೊಲಿದುಕೊಟ್ಟಿದ್ದೇನೆ. ಇಂಥ ಕುಲಾವಿ ಕಂಡಿರಲಿಲ್ಲ.

ಅಲ್ಲಿಂದ ಬಂದವಳು ನೇರ ನಿಮ್ಮ ಮನೆಗೆ ಹೋದೆ. ಜಂಪರ್ ಅಳತೆಗೆ ಎಂದರೆ ಯಾರೂ ತಡೆಯುವುದಿಲ್ಲ, ಟೇಪು ಕೊರಳಲ್ಲಿದ್ದರೆ ಎಲ್ಲ ಮನೆಯ ಒಳಬಾಗಿಲೂ ತೆರೆಯುತ್ತದೆ. ನಿಮ್ಮವ್ವ ಸಣ್ಣಗಾಗಿದ್ದಾರೆ, ತೋಳಿನ ಅಳತೆ ಇಳಿದಿದೆ. ಅಳತೆ ಹಿಡಿಯುತ್ತ ಮೆಲ್ಲಗೆ, ಭಾನುವಾರ ಮಾಗಳಕ್ಕೆ ಯಾವ ಸೀರೆ ಉಡುತ್ತೀರಿ ಎಂದು ಕೇಳಿದೆ. ‘ಮಾಗಳಕ್ಕ? ನಾ ಯಾಕ ಹೋಗ್ಲೆವ್ವಾ? ನನ್ನನ್ನ ಶನಿವಾರ ಹರಪನಹಳ್ಳಿಗೆ ನನ್ನ ತಂಗಿ ಮನಿಗೆ ಕಳಸ್ತಾರಂತ. ಒಂದು ವಾರ ಇದ್ದು ಬಾ ಅಂದಾರ ನಮ್ಮ ಭಾವ’ ಎಂದರು. ಟೇಪು ಕೈಯಿಂದ ಜಾರಿತು. ಅವರು ಅದನ್ನು ಎತ್ತಿಕೊಡಲು ಬಗ್ಗಿದವರು, ಬಗ್ಗಿಕೊಂಡೇ, ಬಾಗಿಲಲ್ಲಿ ಯಾರೂ ಇಲ್ಲವೆಂದು ನೋಡಿ ಕೇಳಿದರು: ‘ಭೂಮಿಕಾ, ನನ್ನ ಮಗಳು ಹೊತ್ತಿಗೆ ಸರಿ ಉಣತಾಳೇನು?’ ತಲೆ ಆಡಿಸಿದೆ. ಅಷ್ಟಕ್ಕೇ ಅವರು ಕಣ್ಣು ಒರೆಸಿಕೊಂಡು, ತೋಳು ಸ್ವಲ್ಪ ಸಡಿಲ ಇಡು ಎಂದರು.

ಈಗ ಗೊತ್ತಾಯಿತಲ್ಲ? ಮುಂದಿನ ಕುರ್ಚಿಯಲ್ಲಿ ನಿಮ್ಮವ್ವ ಇರುವುದಿಲ್ಲ. ಆ ಕುರ್ಚಿಯಲ್ಲಿ ಯಾರು ಕೂರುತ್ತಾರೆಂದು ನನಗೆ ಗೊತ್ತು, ಅವರ ಬೆನ್ನು ಮಾತ್ರ ನಾನು ನೋಡಿದ್ದೇನೆ.

ಸಂಜೆ ಅಣ್ಣ ಬಂದ ಕೂಡಲೇ ಎಲ್ಲ ಹೇಳಿದೆ. ಫ್ಲೆಕ್ಸು, ಖಾಲಿ ದಿನಾಂಕ, ನನ್ನ ಕೈ, ನಿಮ್ಮವ್ವ ಹರಪನಹಳ್ಳಿಗೆ ಹೋಗುವುದು, ಎಲ್ಲ. ಅವನು ಅಂಗಿ ಬಿಚ್ಚುತ್ತಿದ್ದವನು ಹಾಗೇ ನಿಂತ. ಆಮೇಲೆ ನಕ್ಕ. ‘ಹುಚ್ಚಿ, ಅದು ಹಳೇ ಸಿಟ್ಟು. ಬಸವೇಶ ಡಿಲೀಟ್ ಮಾಡೋದು ಮರ್ತಾನ. ಈಗ ಫೋನ್ ಮಾಡಿ ತೆಗಸ್ತೀನಿ. ಕೊಟ್ರಬಸಮ್ಮನೂ ಬರ್ತಾಳ, ಹರಪನಹಳ್ಳಿಯಿಂದ ಸೀದಾ ಕರಕೊಂಡು ಬರ್ತಾರ’ ಎಂದು ಫೋನ್ ಹಿಡಿದು ಹೊರಗೆ ಹೋದ. ಊಟಕ್ಕೆ ಕೂತಾಗ ‘ಹೇಳೀನಿ, ತೆಗೀತಾನ’ ಎಂದ. ರೊಟ್ಟಿ ಮುರಿದು ನನ್ನ ತಟ್ಟೆಗೂ ಹಾಕಿದ. ಅವನು ನಂಬಿದ್ದಾನೆ ಸುಕ್ಕಿ. ಅಣ್ಣನ ಸ್ವಭಾವ ನಿನಗೆ ಗೊತ್ತು, ಹುಂಬ, ಬಾಯಿ ಜೋರು, ಆದರೆ ಕೆಟ್ಟವನಲ್ಲ. ಹುಲುಗೇಶನಿಗೆ ಪ್ಯಾಡ್ ಹಿಡಿಯಲು ಕಲಿಸಿದವನೇ ಅವನು. ಈಚೆಗೆ ಹುಲುಗೇಶನ ಹೆಸರು ಅವನ ಬಾಯಲ್ಲಿ ಬರುವುದಿಲ್ಲ, ‘ಅವ’ ಎನ್ನುತ್ತಾನೆ, ಅಷ್ಟೇ. ಹೊಸ ಸ್ಪೀಕರು, ಸಾಮಾನು ಸಾಗಿಸಲು ಹೊಸ ಮ್ಯಾಜಿಕ್ ಗಾಡಿ, ಗಾಡಿಯ ಮೇಲೆ ಮೇಳದ ಹೆಸರು, ಎಲ್ಲ ಹಾಲೇಶಪ್ಪನವರ ದಯೆಯಿಂದ ಬಂದದ್ದು. ಜನ ತುಂಬಿದ ಸ್ಟೇಜು ಅವನ ಕಣ್ಣಿಗೆ ಪರದೆ ಕಟ್ಟಿದೆ. ಆ ಪರದೆಯನ್ನು ನಾನು ತೆಗೆಯುತ್ತೇನೆ, ನೀನು ಅದರ ಚಿಂತೆ ಮಾಡಬೇಡ.

ನೀನು ಮಾಡಬೇಕಾದದ್ದು ಇಷ್ಟು. ಓದಿದ ಕೂಡಲೇ ಇಬ್ಬರೂ ಈ ಕಾಗದ ಹಿಡಿದುಕೊಂಡು ನಿಮ್ಮ ಕಡೆಯ ಠಾಣೆಗೆ ಹೋಗಿ. ಮದುವೆ ರಿಜಿಸ್ಟರ್ ಆದ ಪತ್ರವನ್ನೂ ಒಯ್ಯಿರಿ. ಫ್ಲೆಕ್ಸನ್ನು ಕಣ್ಣಾರೆ ನೋಡಿದವಳು ನಾನು, ಎಲ್ಲಿ ಕರೆದರೂ ಬಂದು ಹೇಳುತ್ತೇನೆ. ಅದಕ್ಕೇ ಕೆಳಗೆ ಅಡ್ಡಹೆಸರು ಹಾಕದೆ ಪೂರ್ತಿ ಹೆಸರು ಬರೆದು ಸಹಿ ಮಾಡಿದ್ದೇನೆ. ಮಲ್ಲಿಗೆ ಹೂವನ್ನು ಮುಟ್ಟಬೇಡ. ಭಾನುವಾರ ನಾನು ಆ ಸ್ಟೇಜಿನ ಮೇಲೆ ಇರುತ್ತೇನೆ, ಇರದಿದ್ದರೆ ಅವರಿಗೆ ಅನುಮಾನ ಬರುತ್ತದೆ. ನಿನ್ನ ಹಾಡನ್ನೂ ಹಾಡುತ್ತೇನೆ. ಎಷ್ಟು ಬೇಕಾದರೂ ತಪ್ಪು ಹಾಡುತ್ತೇನೆ, ನೀನು ಹಲ್ಲು ಕಚ್ಚಿಕೊಂಡು ಸುಮ್ಮನಿರು. ಅದೊಂದನ್ನು ನನಗಾಗಿ ಮಾಡು.

ಲಕ್ಷ್ಮಿದೇವಕ್ಕ ನಿನ್ನ ಕೈಗೆ ಸಿಗುವುದು ತಡವಾಗಿ, ನೀವು ಆಗಲೇ ದೋಣಿ ಹತ್ತಿ ಈಚೆ ಬಂದುಬಿಟ್ಟಿದ್ದರೆ, ಸ್ಟೇಜಿನ ಕಡೆ ಬರಬೇಡಿ. ಅಣ್ಣ ಮ್ಯಾಜಿಕ್ ಗಾಡಿ ತೆಗೆದುಕೊಂಡು ದಂಡೆಯಲ್ಲೇ ಕಾಯುತ್ತೇನೆ ಎಂದಿದ್ದಾನೆ. ಸೀದಾ ಹೋಗಿ ಆ ಗಾಡಿಯಲ್ಲಿ ಕೂತುಬಿಡಿ. ಅಣ್ಣನ ಹತ್ತಿರ ಇದ್ದರೆ ನಿಮಗೆ ಏನೂ ಆಗುವುದಿಲ್ಲ.

ಹಳದಿ ಚೂಡಿದಾರ ನೀನೇ ಇಟ್ಟುಕೋ. ಹೊಲಿಗೆ ಬಿಟ್ಟಿದ್ದರೆ ತೆಗೆದಿಡು, ನಾನೇ ಬಂದು ಹಾಕಿಕೊಡುತ್ತೇನೆ. ಹೊತ್ತಿಗೆ ಸರಿ ಉಣ್ಣು, ನಿಮ್ಮವ್ವನಿಗೆ ತಲೆ ಆಡಿಸಿ ಬಂದಿದ್ದೇನೆ.

ನಿನ್ನ ಜಾಗದಲ್ಲಿ ನಿಂತು ನಿನ್ನ ಹಾಡು ಕೆಡಿಸುವ,
ಭೂಮಿಕಾ
ಲೇಡೀಸ್ ಟೈಲರ್, ಕೊಟ್ಟೂರು

ತಾ.ಕ.: ಶುಕ್ರವಾರ ಬೆಳಿಗ್ಗೆ. ಲಕ್ಷ್ಮಿದೇವಕ್ಕ ಬಳೆಯ ಗಂಟು ಹೊತ್ತು ಬಾಗಿಲಲ್ಲಿ ನಿಂತಿದ್ದಾಳೆ, ಬಸ್ಸು ಹೋಗುತ್ತದೆ ಎನ್ನುತ್ತಿದ್ದಾಳೆ. ಅಂಟಿಸಿದ ಕವರನ್ನು ಹರಿದು ಬರೆಯುತ್ತಿದ್ದೇನೆ. ಈಗ ಬಸವೇಶನ ಫೋನ್ ಬಂದಿತ್ತು. ಅಣ್ಣ ಬೆಳಿಗ್ಗೆಯೇ ಗಾಡಿ ತೆಗೆದುಕೊಂಡು ಹೋಗಿದ್ದಾನೆ, ಅವನ ಫೋನ್ ಹತ್ತಲಿಲ್ಲವೆಂದು ನನಗೆ ಮಾಡಿದ. ‘ಅಕ್ಕಾರ, ನಿಮ್ಮ ಅಣ್ಣಾರು ನಿನ್ನೆ ಹೇಳಿದ್ದು ಮಾಡೀನಿ. ಆ ಹುಡುಗಿ ಹೆಗಲ ಮ್ಯಾಲಿನ ಕೈ ನಮ್ಮ ತಂಗೀದು, ಊರ ಮಂದಿ ಗುರುತು ಹಿಡೀತಾರ, ಅದೊಂದು ತೆಗಿ ಅಂದ್ರು. ತೆಗದು ಅಲ್ಲಿ ಹೂವಿನ ಹಾರ ಕುಂದ್ರಿಸೀನಿ. ಸಂಗೀತ ಸಂಜೆ ಫ್ಲೆಕ್ಸ್ ಇವತ್ತ ಪ್ರಿಂಟ್ ಹಾಕು ಅಂದಾರ. ಶ್ರದ್ಧಾಂಜಲಿದು ಡೇಟ್ ಮಾತ್ರ ಸೋಮವಾರ ಮುಂಜಾನೆ ಹೇಳ್ತೀನಿ ಅಂದಾರ. ಹಾರ ಸರಿ ಕುಂತೈತೇನು, ಫೋಟೋ ಕಳಸ್ಲೇನ್ರಿ?’ ಎಂದು ಕೇಳಿದ. ಅಣ್ಣನ ಗಾಡಿಯಲ್ಲಿ ಕೂತುಬಿಡಿ ಎಂದು ಮೇಲೆ ಬರೆದಿದ್ದೆನಲ್ಲ, ಆ ಸಾಲುಗಳನ್ನು ಹೊಡೆದು ಹಾಕಿದ್ದೇನೆ. ಆ ಗಾಡಿಯ ಹತ್ತಿರ ಸುಳಿಯಬೇಡ ಸುಕ್ಕಿ. ಅವನು ನನ್ನ ಹೆಸರು ಹೇಳಿ ಕರೆದರೂ ಹತ್ತಬೇಡ.